ಗೋಡೆಯ ಮೇಲಿನ ಗುಮಾಸ್ತಾ

ಮರಾಠಿ ಊರಿಗೆ ದುಡಿಯಲು ಬಂದ ನಮ್ಮ ಕನ್ನಡದವರ ಹುಡುಗಿ ಹನ್ನೆರಡನೇ ಕ್ಲಾಸು ಪಾಸಾದರೆ ಮನೆಗೆ ಎರಡು ಕಾಗದ ಬರುತ್ತವೆ. ಒಂದು ವರನ ಬಯೋಡಾಟಾ, ಇನ್ನೊಂದು ನರ್ಸಿಂಗ್ ಸ್ಕೂಲಿನ ಬಣ್ಣದ ಕರಪತ್ರ. ಎರಡನ್ನೂ ಯಾರೂ ಹೋಗಿ ಪರೀಕ್ಷಿಸುವುದಿಲ್ಲ.

ಭಿವಂಡಿ ಗೋದಾಮಿನಲ್ಲಿ ಲೋಡಿಂಗ್ ಮಾಡುವ ಅಂಬಾರಾಯ ಹೋಗಿದ್ದ. ಮಗಳು ಜ್ಯೋತಿಯನ್ನು ಸೇರಿಸುವ ಮೊದಲು ಡೊಂಬಿವಲಿಯ ಸ್ಕೂಲನ್ನು ಕಣ್ಣಾರೆ ನೋಡಿದ್ದ. ಮಿಠಾಯಿ ಅಂಗಡಿಯ ಮೇಲೆ ಎರಡು ಕೋಣೆ, ಗೋಡೆಗೆ ಗಾಜು ಹಾಕಿಸಿದ ಸರ್ಕಾರಿ ಸರ್ಟಿಫಿಕೇಟು. ಮರಾಠಿ ಓದಲು ಬರದ ಅವನು ಅದರ ಫೋಟೊ ತೆಗೆದುಕೊಂಡು, ಕೈಮುಗಿದು ಬಂದಿದ್ದ.

ಎರಡು ವರ್ಷ ಕಲಿತು ನೌಕರಿ ಕೇಳಲು ಹೋದ ಜ್ಯೋತಿಯ ನರ್ಸಿಂಗ್ ಕೌನ್ಸಿಲ್ ನೋಂದಣಿ ನಂಬರನ್ನು ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ಕೇಳಿದರು. ಇರಲಿಲ್ಲ. ಸ್ಕೂಲಿಗೆ ಓಡಿದರೆ ಬೀಗ.

ತಂದೆ ಮಗಳು ಕೋಪರಿಯಲ್ಲಿರುವ ನಿವೃತ್ತ ನರ್ಸ್ ಜಯಲತಾ ಅವರ ಮನೆಗೆ ಹೋದರು. ಅಂಬಾರಾಯ ಫೋನಿನಲ್ಲಿದ್ದ ಸರ್ಟಿಫಿಕೇಟಿನ ಫೋಟೊ ತೋರಿಸಿದ.

‘ಸರ್ಕಾರಿ ಸಿಕ್ಕಾ ಅದಾರಿ ಅಕ್ಕಾರ, ಸಹಿ ಅದಾರಿ. ಖೊಟ್ಟಿ ಹ್ಯಾಂಗ ಆಗ್ತದ?’

ಜಯಲತಾ ಫೋಟೊ ಓದಿದರು. ‘ಖೊಟ್ಟಿ ಅಲ್ಲ ಅಂಬಾರಾಯರೇ, ಅಸಲಿಯೇ. ಆದ್ರೆ ಇದು ಗುಮಾಸ್ತಾ. ಅಂಗಡಿ ತೆರೀಲಿಕ್ಕೆ ಕೊಡುವ ಲೈಸೆನ್ಸು. ಕೆಳಗಿನ ಮಿಠಾಯಿಯವನ ಹತ್ರವೂ ಇದೇ ಉಂಟು.’

‘ಹಂಗಾರ ಸಾಕ್ರಿ. ಲಗ್ನ ಮಾಡಿಬಿಡ್ತೀನಿ. ಎಲ್ಲಾ ಸಾಲಿ ಇಷ್ಟೇ.’

‘ನಾನು ಕಲಿತ ಸ್ಕೂಲಿನ ಕಥೆ ಕೇಳಿ. ಮೊದಲು ಸ್ಕೂಲೇ ಇರಲಿಲ್ಲ, ಹೆರಿಗೆ ವಾರ್ಡು ಮಾತ್ರ. ಕೈ ಸಾಲದೆ ಮೇಟ್ರನ್ ಆರು ಜನರಿಗೆ ಅಲ್ಲೇ ಕಲಿಸಲಿಕ್ಕೆ ಶುರು ಮಾಡಿದ್ರಂತೆ. ಮಗಳನ್ನು ಯಾರೂ ಕಳಿಸಲಿಲ್ಲ. ಗಂಡ ಸತ್ತವರು, ಗಂಡ ಬಿಟ್ಟವರು ಬಂದ್ರು. ಕರಿಹಲಗೆ ಬಂದದ್ದು ಆಮೇಲೆ. ಕೌನ್ಸಿಲಿನವರು ಬಂದು ಹಾಸಿಗೆ ಎಣಿಸಿದ ಮೇಲೆಯೇ ಸ್ಕೂಲು ಅಂತ ಬೋರ್ಡು. ಜ್ಯೋತಿ, ನಿನ್ನ ಸ್ಕೂಲಿನಲ್ಲಿ ಎಷ್ಟು ಹಾಸಿಗೆ ಇತ್ತು?’

‘ಬೆಡ್ ಕಹಾಂ ಆಂಟಿ. ಒಂದು ಗೊಂಬಿ ಇತ್ತು. ಅದಕ್ಕೂ ಒಂದು ಕೈ ಇದ್ದಿಲ್ಲ.’

‘ಇಂಜೆಕ್ಷನ್ ಎಲ್ಲಿ ಕಲಿತಿ?’

‘ಉಳಿದ ಕೈಗೆ.’

ಅಂಬಾರಾಯ ಕೇಳಿದ: ‘ನೌಕರಿ ಸಿಕ್ಕಿದ್ರ ಯಾವ್ದರೆ ಬಾಣಂತಿ ಕೈಮ್ಯಾಗ ಕಲೀತಿದ್ಳೇನ್ರಿ ಅಕ್ಕಾರ?’

ಜಯಲತಾ ಹೌದೆಂದು ತಲೆಯಾಡಿಸಿದರು. ಅಂಬಾರಾಯ ಫೋನನ್ನು ಜೇಬಿಗಿಟ್ಟ.

‘ಮತ್ತ ಮೊದಲಿಂದ ಕಲೀಲಿ. ಲಗ್ನ ನಿಂದ್ರಲಿ.’

ಜ್ಯೋತಿ ಈಗ ಆಸ್ಪತ್ರೆಯ ಸ್ಕೂಲಿನಲ್ಲಿ ಮೊದಲ ವರ್ಷ, ತನಗಿಂತ ಎರಡು ವರ್ಷ ಚಿಕ್ಕವರ ಜೊತೆ. ಕಳೆದ ಆ ಎರಡು ವರ್ಷಕ್ಕೆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ.

ತಾಯಂದಿರೇ, ತಂದೆಯರೇ, ಸೇರಿಸುವ ಮೊದಲು ಕೇಳಿ: ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲಿ ಈ ಸ್ಕೂಲಿನ ಹೆಸರು ಇದೆಯೇ? ಹುಡುಗಿಯರು ಕಲಿಯುವ ಆಸ್ಪತ್ರೆ ಯಾವುದು? ಹೆಸರು ಹೇಳಿದರೆ ಹೋಗಿ ವಾರ್ಡು ನೋಡಿ. ತಡವರಿಸಿದರೆ ಮಗಳ ಕೈಹಿಡಿದು ಮೆಟ್ಟಿಲಿಳಿದುಬಿಡಿ. ಸಂಕೋಚ ಬೇಡ, ಎರಡು ವರ್ಷ ಬಿಟ್ಟು ಇಳಿಯುವುದು ಇನ್ನೂ ಕಷ್ಟ.