ಗಂಜಿ ಉಳಿದ ಟವೆಲು

"ಮಾವಶಿ, ಮಷಿನ್ ಈ ಟವೆಲ್ ಚಲೋ ಅದ ಅಂತದ. ಹೌದಲ್ರಿ?" ಎಂದು ಕೇಳಿದಳು ಪ್ರಾಜಕ್ತಾ. ಯಂತ್ರದ ಹಸಿರು ದೀಪ ಹತ್ತಿತ್ತು.

ಹುಚ್ಚವ್ವನ ಕೈ ಟವೆಲಿನ ಮೇಲಿತ್ತು. ಹೂಂ ಅಂದರೆ ಮುಗಿಯಿತು. ಬೆಳಿಗ್ಗೆ ವಾಗದರಿಯಲ್ಲಿ ಬಸ್ಸು ಹತ್ತುವಾಗ ಮಗಳು ಛಾಯಾ ಹೇಳಿದ್ದೂ ಅದನ್ನೇ: "ಆಯಿ, ಮಷಿನ್ ತಪ್ಪಿದ್ರ ತಪ್ಪಲಿ, ನೀ ಬಾಯಿ ಬಿಡಬ್ಯಾಡ. ಎಲ್ಲಾ ಕಲಿಸಿಬಿಟ್ರ ನಿನ್ನ ಯಾರ ಇಟ್ಕೋತಾರ?"

ಸೋಲಾಪುರದ ಈ ಕಾರಖಾನೆಯಲ್ಲಿ ಟವೆಲು ಮುಟ್ಟಿ ನೋಡಿ ಪಾಸು ಮಾಡುವುದು ಹುಚ್ಚವ್ವನ ಇಪ್ಪತ್ತಾರು ವರ್ಷದ ಕೆಲಸ. ಜೊತೆಯ ಮೂವರು ಹೆಂಗಸರನ್ನು ಮಾಲಕ ಸೋಮೇಶ ದೀಪಾವಳಿಗೇ ಮನೆಗೆ ಕಳಿಸಿದ್ದ. ಈಕೆಯನ್ನು ಉಳಿಸಿಕೊಂಡದ್ದು ಯಂತ್ರಕ್ಕೆ ಕಲಿಸಲಿಕ್ಕೆ. ಅದು ಕಿವಿಗೆ ಕೇಳದ ಸದ್ದನ್ನು ಬಟ್ಟೆಯ ಮೇಲೆ ಬಿಡುತ್ತದೆ, ತಿರುಗಿ ಬಂದ ಸದ್ದಿನಿಂದ ಒರಟೋ ಮೆತ್ತಗೋ ತಿಳಿಯುತ್ತದೆ ಎಂದು ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು ಬಂದ, ವಿಜಾಪುರ ರಸ್ತೆಯ ಹುಡುಗಿ ಪ್ರಾಜಕ್ತಾ ಮೊದಲ ದಿನವೇ ಹೇಳಿದ್ದಳು. "ನಮಗ ಕೇಳಂಗಿಲ್ಲ, ಬಟ್ಟಿಗಿ ಕೇಳತದ?" ಎಂದು ಹುಚ್ಚವ್ವ ನಕ್ಕಿದ್ದಳು. ಈಗ ನಗು ಬರುತ್ತಿರಲಿಲ್ಲ. ಎಳೆ ಜಗ್ಗಿದ್ದು, ನೂಲು ಬಿಟ್ಟದ್ದು ಎಲ್ಲಾ ಯಂತ್ರ ಹಿಡಿಯತೊಡಗಿತ್ತು. ನೇಯುವ ಮೊದಲು ನೂಲಿಗೆ ಹಾಕಿ, ತೊಳೆದಾಗ ಹೋಗದೆ ಉಳಿದ ಗಂಜಿಯೊಂದೇ ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಈ ಟವೆಲಿನ ಅಂಚಿನಲ್ಲಿ ಗಂಜಿಯ ಬಿರುಸು ಬೆರಳಿಗೆ ಹತ್ತುತ್ತಲೇ ಇತ್ತು. ಮಗಳ ಮಾತೂ ನೆನಪಿತ್ತು. ಆದರೆ ಹುಟ್ಟಿ ತಿಂಗಳಾಗದ ಯಂತ್ರ ಕೆಟ್ಟ ಮಾಲಿಗೆ ಹಸಿರು ದೀಪ ಹತ್ತಿಸಿಕೊಂಡು ಕೂತದ್ದು ಕಂಡು ಆಕೆಗೆ ಮೈಯೆಲ್ಲ ಉರಿಯಿತು.

"ಎಲ್ಲಿ ಚಲೋ, ತಂಗಿ? ಗಂಜಿ ಉಳದದ. ಇಲ್ಲಿ, ಅಂಚಿಗಿ ಉಲ್ಟಾ ಕೈ ಆಡಸಿ ನೋಡು."

ಪ್ರಾಜಕ್ತಾ ಕೈ ಆಡಿಸಿದಳು. ಏನೂ ತಿಳಿಯಲಿಲ್ಲ, ಆದರೂ ಬರೆದುಕೊಂಡಳು. ಹುಚ್ಚವ್ವ ರಾಶಿಯಿಂದ ಅಂಥವೇ ಮೂವತ್ತು ಟವೆಲು ತಾನೇ ಆರಿಸಿ ಕೊಟ್ಟಳು. ಪ್ರಾಜಕ್ತಾ ಅವನ್ನು ಒಂದೊಂದಾಗಿ ಯಂತ್ರಕ್ಕೆ ತೋರಿಸಿ ಕಲಿಸಿದಳು. ಊಟವಾದ ಮೇಲೆ ಹೊಸದೊಂದನ್ನು ಇಟ್ಟಾಗ ಯಂತ್ರ ಕೆಂಪು ದೀಪ ತೋರಿಸಿತು. ಹುಚ್ಚವ್ವ ಮುಟ್ಟಿ ನೋಡಿದಳು, ಗಂಜಿಯೇ.

"ಶಾಣ್ಯಾ ಅದ!" ಅಂದುಬಿಟ್ಟಳು. ಒಂದು ಗಳಿಗೆ ನಿಜಕ್ಕೂ ಖುಷಿಯಾಗಿತ್ತು.

ಸೋಮೇಶ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಹುಚ್ಚವ್ವ, ಸೋಮವಾರದಿಂದ ಬರೂದು ಬ್ಯಾಡ್ರಿ. ನಿಮ್ಮಿಂದ ಭಾಳ ಉಪಕಾರ ಆತು," ಎಂದು ನಮಸ್ಕಾರ ಮಾಡಿ ಹೋದ.

ಯಂತ್ರದ ಕೆಳಗೆ ಮುಂದಿನ ಟವೆಲು ಸರಿದು ಬಂತು. ಹುಚ್ಚವ್ವನ ಕೈ ತಾನಾಗಿ ಅದರ ಮೇಲೆ ಹೋಯಿತು.

"ಮುಟ್ಟಬ್ಯಾಡ್ರಿ ಮಾವಶಿ," ಪ್ರಾಜಕ್ತಾ ಮೆಲ್ಲಗೆ ಅಂದಳು. "ಕೈ ಅಡ್ಡ ಬಂದ್ರ ಅದಕ್ಕ ತಿಳಿಯಂಗಿಲ್ಲ."

ಹುಚ್ಚವ್ವ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹಿಂದೆ ಸರಿದು ನಿಂತಳು.