ಅರವತ್ತೊಂದು ಕೆ.ಜಿ.

ಎಂಬತ್ನಾಲ್ಕೂವರೆ. ಬದರಿನಾಥ ಇಳಿದ, ಸೊಂಟದ ಟವೆಲ್ ಬಿಚ್ಚಿ ಬಾಗಿಲಿಗೆ ಸಿಕ್ಕಿಸಿದ, ಮತ್ತೆ ಹತ್ತಿದ. ಎಂಬತ್ನಾಲ್ಕು. ಮೆಲ್ಬರ್ನಿನ ಟ್ರುಗನಿನಾದಲ್ಲಿ ಇಂದ್ರೇಶನ ಮನೆಯಲ್ಲಿ ಹಿಂದಿನ ದಿನದಿಂದ ಅವನಿಗೆ ಎಲ್ಲ ಉಪಚಾರವೂ ಆಗಿತ್ತು. ಬಾತ್‌ರೂಮಿನ ಈ ತೂಕದ ಯಂತ್ರಕ್ಕೆ ಮಾತ್ರ ದಾಕ್ಷಿಣ್ಯವೆಂಬುದು ಇರಲಿಲ್ಲ.

"ಬದರಿ, ಆಯ್ತೇನಪ್ಪಾ?" ಇಂದ್ರೇಶ ಹೊರಗಿನಿಂದ ಬಾಗಿಲು ತಟ್ಟಿದ. "ಎಲ್ರೂ ಹೊರಟ್ಬಿಟ್ಟಿದಾರಂತೆ. ಚಾಂಪಿಯನ್ನೇ ಲೇಟಾದ್ರೆ ಹೆಂಗೆ?"

"ಎರಡು ನಿಮಿಷ."

ಎರಡು ನಿಮಿಷದಲ್ಲಿ ಇಪ್ಪತ್ಮೂರು ಕೆ.ಜಿ. ಇಳಿಸಬೇಕಿತ್ತು. ಹಲ್ಲುಜ್ಜಿಕೊಂಡು ಹೊರಗೆ ಬಂದ.

ಹಾಗೆ ನೋಡಿದರೆ ಅರವತ್ತೊಂದು ಎಂಬುದು ಸುಳ್ಳೇನಲ್ಲ. ಎರಡು ವರ್ಷದ ಹಿಂದೆ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿರುವ ತನ್ನ ಮನೆಯ ಗ್ಯಾರೇಜಿನಲ್ಲಿ ಸೈಕಲ್ಲಿನ ಹಿಂದಿನ ಚಕ್ರ ಕಳಚಿ, ಉಳಿದದ್ದನ್ನು ವ್ಯಾಯಾಮದ ಯಂತ್ರಕ್ಕೆ ಸಿಕ್ಕಿಸಿ, ಎದುರಿಗೆ ಟಿವಿ ಹಚ್ಚಿಕೊಂಡು ಕೂತಾಗ ಅದರಲ್ಲಿನ ಸೈಕಲ್ ಸವಾರಿಯ ಆ್ಯಪ್ ತೂಕವೆಷ್ಟು ಎಂದು ಕೇಳಿತ್ತು. ಮನೆಯಲ್ಲಿ ಸೂಟ್‌ಕೇಸ್ ತೂಗುವ ಕೊಕ್ಕೆಯಿತ್ತೇ ಹೊರತು ಮನುಷ್ಯರನ್ನು ತೂಗುವಂಥದ್ದು ಇರಲಿಲ್ಲ. ಫೈಲಿನಲ್ಲಿ ಪಿಆರ್‌ಗಾಗಿ, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿಗಾಗಿ, ಮಾಡಿಸಿದ್ದ ಮೆಡಿಕಲ್ ರಿಪೋರ್ಟ್ ಸಿಕ್ಕಿತು. ಹನ್ನೊಂದು ವರ್ಷ ಹಳೆಯದು. ಅದರಲ್ಲಿ ಅರವತ್ತೊಂದು ಎಂದಿತ್ತು. ಒಂದು ದೇಶದ ಸರ್ಕಾರವೇ ಒಪ್ಪಿಕೊಂಡ ತೂಕವನ್ನು ಅನುಮಾನಿಸಲು ತಾನು ಯಾರು ಎಂದುಕೊಂಡು ಅದನ್ನೇ ಒತ್ತಿದ.

ಯಂತ್ರಕ್ಕೆ ಕಾಲಿನ ಬಲವೆಷ್ಟೆಂದು ಗೊತ್ತಾಗುತ್ತದೆ. ತೂಕ ಗೊತ್ತಾಗುವುದಿಲ್ಲ, ಹೇಳಿದ್ದನ್ನು ನಂಬುತ್ತದೆ. ಎಂಬತ್ನಾಲ್ಕು ಕೆ.ಜಿ. ಆಸಾಮಿಯ ತೊಡೆಗಳು ಅರವತ್ತೊಂದು ಕೆ.ಜಿ. ಬೊಂಬೆಯನ್ನು ತಳ್ಳಿದರೆ ಅದು ಏರುದಾರಿಯಲ್ಲಿ ಹಾರಿಯೇ ಹೋಗುತ್ತದೆ. ಟಿವಿಯಲ್ಲಿ ಒಂದು ಜ್ವಾಲಾಮುಖಿಯಿತ್ತು. ಅದರ ಸುತ್ತ ಸುತ್ತಿಕೊಂಡು ಹೋಗುವ ರಸ್ತೆ, ಪಕ್ಕದಲ್ಲಿ ಕೆಂಪಗೆ ಹರಿಯುವ ಲಾವಾ, ಮೇಲೆ ಹೊಗೆ. ಸಿಡ್ನಿ ಮತ್ತು ಮೆಲ್ಬರ್ನಿನ ಹನ್ನೊಂದು ಜನ ಕನ್ನಡಿಗರು ಪ್ರತಿ ಶನಿವಾರ ಬೆಳಿಗ್ಗೆ ಅವರವರ ಗ್ಯಾರೇಜಿನಲ್ಲಿ ಕೂತು ಅದನ್ನು ಹತ್ತುತ್ತಿದ್ದರು. ಮೊದಲ ದಿನವೇ ಬದರಿನಾಥ ಎಲ್ಲರನ್ನೂ ಹಿಂದೆ ಹಾಕಿದ. ಆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರೋ 'ಜ್ವಾಲಾಮುಖಿ ಸಾಮ್ರಾಟ' ಎಂದು ಬರೆದರು.

ತೂಕ ತಿದ್ದಬೇಕೆಂದು ಆ ದಿನ ಅಂದುಕೊಂಡದ್ದು ನಿಜ. ಮುಂದಿನ ಶನಿವಾರವೂ ಅಂದುಕೊಂಡಿದ್ದ.

ಆಫೀಸಿನ ಮೀಟಿಂಗುಗಳಲ್ಲಿ ಅವನು ಶುರು ಮಾಡಿದ ವಾಕ್ಯವನ್ನು ಬೇರೆ ಯಾರಾದರೂ ಮುಗಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಜಲಜಾ ಅವನೊಂದಿಗೆ ಆಡುವ ಮಾತೆಲ್ಲ ಕಸದ ಬಿನ್ ಹೊರಗಿಡುವ ದಿನ ಯಾವುದು ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಮಗಳು ಹರ್ಷಿತಾ ಒಮ್ಮೆ ಗ್ಯಾರೇಜಿಗೆ ಇಣುಕಿ, ಬೆವರಿನಲ್ಲಿ ತೊಯ್ದು ನಿಂತಲ್ಲೇ ತುಳಿಯುತ್ತಿದ್ದ ಅಪ್ಪನನ್ನು ನೋಡಿ, "ಡ್ಯಾಡ್, ಹೂ ಆರ್ ಯೂ ಈವನ್ ರೇಸಿಂಗ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿದ್ದಳು. ವಾರಕ್ಕೊಮ್ಮೆ ಹತ್ತು ಜನ ತನಗಾಗಿ ಕಾಯುವ ಜಾಗ ಅದೊಂದೇ ಆಗಿತ್ತು. ಅದನ್ನು ಕಳೆದುಕೊಳ್ಳಲು ಅವನಿಗೆ ಭಯವಿತ್ತು. ಬರೀ ಭಯ, ಅದಕ್ಕೆ ಬೇರೆ ಹೆಸರಿಲ್ಲ.

ಹೀಗಿರುವಾಗ ಇಂದ್ರೇಶನ ತಲೆಗೆ ಏನು ಹೊಕ್ಕಿತೋ, 'ಇಲ್ಲೇ ಕೊಲಾಕ್ ಹತ್ತಿರ ನಿಜವಾದ ಜ್ವಾಲಾಮುಖಿ ಇದೆ, ಎಲ್ರೂ ಸೇರಿ ಒಮ್ಮೆ ಹತ್ತೋಣ' ಎಂದು ಗುಂಪಿನಲ್ಲಿ ಬರೆದ. ಒಂಬತ್ತು ಹೆಬ್ಬೆರಳುಗಳು ಮೇಲೆದ್ದವು. ಸಾಮ್ರಾಟನ ಹೆಬ್ಬೆರಳು ಏಳದಿದ್ದರೆ ಆಗುತ್ತದೆಯೆ? ಅದೂ ಎದ್ದಿತು.

ಕಾರಿನಲ್ಲಿ ಇಂದ್ರೇಶನ ಹೆಂಡತಿ ಶರ್ಮಿಳಾ ಮುಂದೆ ಕೂತಿದ್ದಳು. ಬದರಿನಾಥ ಹಿಂದೆ, ಪುಳಿಯೋಗರೆಯ ಡಬ್ಬಿ ತೊಡೆಯ ಮೇಲೆ. ಕಾರಿನ ಹಿಂಬದಿಗೆ ಇಂದ್ರೇಶನ ಸೈಕಲ್ಲೂ ಬದರಿನಾಥನಿಗೆಂದು ಎರವಲು ತಂದ ಇನ್ನೊಂದೂ ಕಟ್ಟಿದ್ದವು. ಎರಡು ತಾಸಿನ ದಾರಿ. ಚಪ್ಪಟೆ ಬಯಲು, ಕಪ್ಪು ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು, ಅವುಗಳಾಚೆ ದನ. ಆ ಕಲ್ಲೆಲ್ಲ ಒಂದು ಕಾಲದ ಲಾವಾ ಎಂದು ಇಂದ್ರೇಶ ವಿವರಿಸಿದ. ಬದರಿನಾಥ ಮನಸ್ಸಿನಲ್ಲಿ ಒಂದು ವಾಕ್ಯ ಉರುಹೊಡೆಯುತ್ತಿದ್ದ: 'ನಿನ್ನೆ ಫ್ಲೈಟಲ್ಲಿ ಬೆನ್ನು ಹಿಡ್ಕೊಂಡುಬಿಟ್ಟಿದೆ.' ಬೆನ್ನು ಎನ್ನುವಾಗ ಮುಖ ಹಿಂಡಬೇಕು. ಕಿಟಕಿಯ ಗಾಜು ನೋಡಿಕೊಂಡು ಎರಡು ಸಲ ಹಿಂಡಿದ.

ಜಲಜಾ ಫೋನ್ ಮಾಡಿದಳು. "ಮಾತ್ರೆ ತಗೊಂಡ್ರಾ?"

"ಹೂಂ."

"ಹುಷಾರು."

"ಹೂಂ."

"ಬಿನ್ ಹೊರಗಿಟ್ಟಿದೀನಿ."

ಜ್ವಾಲಾಮುಖಿ ಬಂತು. ಬಂದದ್ದು ಅವನಿಗೆ ತಿಳಿಯಲಿಲ್ಲ, ಇಂದ್ರೇಶ ಕಾರು ನಿಲ್ಲಿಸಿ ಕೈ ತೋರಿಸಿದ ಮೇಲೆ ನೋಡಿದ. ಒಂದು ಗುಡ್ಡ. ಹುಲ್ಲು. ಹುಲ್ಲಿನಲ್ಲಿ ಹಸುಗಳು. ಬುಡದಲ್ಲಿ ಕಾರ್ ಪಾರ್ಕು, ಒಂದು ಟಾಯ್ಲೆಟ್ಟು. ತುದಿಗೆ ಹೋಗುವ ಟಾರು ರಸ್ತೆ ಒಂದು ಕಿಲೋಮೀಟರಿನಷ್ಟೂ ಇರಲಾರದು. ಬೆಂಕಿಯಾರಿ ಸಾವಿರಾರು ವರ್ಷವಾಗಿದೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಟಿವಿಯ ಜ್ವಾಲಾಮುಖಿ ಇದಕ್ಕಿಂತ ಎಷ್ಟೋ ವಾಸಿಯಾಗಿತ್ತು.

ಬಳಗ ಆಗಲೇ ನೆರೆದಿತ್ತು. ಹೆಚ್ಚಿನವರ ಮುಖ ಕಂಡಿದ್ದು ಇದೇ ಮೊದಲಾದ್ದರಿಂದ ಎಲ್ಲರೂ ಒಬ್ಬರ ಹೊಟ್ಟೆ ಒಬ್ಬರು ನೋಡಿ, ಬೇಗ ಕಣ್ಣು ತೆಗೆದರು. ಟಿವಿಯಲ್ಲಿ ಇವರೆಲ್ಲ ಒಣಮೆಣಸಿನಕಾಯಿಯಂತಿದ್ದರು. ಬದರಿನಾಥನಿಗೆ ಒಂದೇ ನೋಟದಲ್ಲಿ ಅರ್ಥವಾಯಿತು. ತಾನೊಬ್ಬನೇ ಅಲ್ಲ. ಎದೆ ಹಗುರಾಯಿತು.

ಆಮೇಲೆ ಶುರುವಾಯಿತು. ಇಂದ್ರೇಶನ ಮಂಡಿ ಸಮ ಇರಲಿಲ್ಲ. ಒಬ್ಬನ ಟೈರಿನಲ್ಲಿ ಗಾಳಿಯಿರಲಿಲ್ಲ, ಪಂಪು ಮನೆಯಲ್ಲಿತ್ತು. ಮತ್ತೊಬ್ಬನಿಗೆ ಫಿಸಿಯೊ ಬೇಡವೆಂದಿದ್ದಳು. ಗ್ಲೆನ್ ವೇವರ್ಲಿಯ ಗಿರೀಶ ಸೈಕಲ್ಲನ್ನೇ ತಂದಿರಲಿಲ್ಲ. "ಏನ್ ಮಾಡ್ಲಿ ಸರ್, ಬೆಳಿಗ್ಗೆ ಎದ್ರೆ ಬೆನ್ನು ಹಿಡ್ಕೊಂಡುಬಿಟ್ಟಿದೆ," ಎಂದು ಮುಖ ಹಿಂಡಿದ. ಬದರಿನಾಥನಿಗಿಂತ ಚೆನ್ನಾಗಿ ಹಿಂಡಿದ.

ಬೆನ್ನು ಹೋಯಿತು. ಮಂಡಿ ಮೊದಲೇ ಹೋಗಿತ್ತು. ಇನ್ನೊಂದು ಅಂಗವನ್ನು ಹುಡುಕುವಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಒಬ್ಬ ಸೈಕಲ್ ತುಳಿದುಕೊಂಡು ಬಂದ.

ಶಿವಲಿಂಗಪ್ಪ. ಹಾವೇರಿ ಕಡೆಯವನು, ಓದಲು ಬಂದು ಇಲ್ಲೇ ಉಳಿದವನು, ವೇರ್‌ಹೌಸ್ ಒಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಕೊಲಾಕ್‌ವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಸೈಕಲ್ಲಿನಲ್ಲೇ ಬಂದಿದ್ದ. ಬಳಗದಲ್ಲಿ ತೊಂಬತ್ತಾರು ಕೆ.ಜಿ. ಎಂದು ನಿಜ ಹೇಳಿ ಪ್ರತಿ ವಾರವೂ ಕೊನೆಗೆ ಬರುತ್ತಿದ್ದ ಪುಣ್ಯಾತ್ಮ ಅವನೊಬ್ಬನೇ. ಹತ್ತುವುದು ಹೇಗೆ, ಉಣ್ಣುವುದು ಏನು ಎಂದು ಬದರಿನಾಥನಿಗೆ ಬರೆದು ಬರೆದು ಕೇಳುತ್ತಿದ್ದ. ಬದರಿನಾಥ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನು ಕನ್ನಡಕ್ಕೆ ಇಳಿಸಿ ಕಳಿಸುತ್ತಿದ್ದ, ಸಾಮಾನ್ಯವಾಗಿ ಚಕ್ಕುಲಿ ತಿನ್ನುತ್ತ.

"ಶರಣ್ರಿ ಗುರುಗಳ." ಶಿವಲಿಂಗಪ್ಪ ಇಳಿದು ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ. "ಟಿವಿಯೊಳಗ ನೋಡಿದ್ದಕ್ಕಿಂತ ಒಂಚೂರು ಮೈ ತುಂಬಿಕೊಂಡೀರಿ ಅಲ್ರಿ?"

"ಜಾಕೆಟ್ಟು. ಚಳಿ ಅಂತ."

"ನೀವು ಹೇಳಿದಂಗ ಮಾಡೀನ್ರಿ. ರಾತ್ರಿ ಅನ್ನ ಬಿಟ್ಟೆ, ಸಕ್ರಿ ಬಿಟ್ಟೆ. ಎಂಬತ್ತೊಂದಕ್ಕ ಬಂದೀನಿ. ಡಾಕ್ಟರು ಗುಳಿಗಿ ಅರ್ಧ ಮಾಡ್ಯಾರ. ಗುರುಗಳು ಹತ್ತೂದು ಕಣ್ಣಾರೆ ನೋಡಬೇಕಂತ ಶಿಫ್ಟ್ ಬದಲಿ ಮಾಡ್ಕೊಂಡು ಬಂದೆ."

ಎಂಬತ್ತೊಂದು. ಶಿಷ್ಯ ಗುರುವಿಗಿಂತ ಮೂರು ಕೆ.ಜಿ. ಕಡಿಮೆಯಾಗಿದ್ದ.

"ಹೌದು ಬದರಿ ಸರ್, ನೀವು ಹತ್ತಲೇಬೇಕು," ಎಂದ ಗಿರೀಶ. "ಬಳಗದ ಮರ್ಯಾದೆ ಪ್ರಶ್ನೆ." ಮಂಡಿಯವನೂ ಫಿಸಿಯೊದವನೂ ಹೌದು ಹೌದು ಎಂದರು. ಒಬ್ಬ ಹತ್ತಿದರೆ ಉಳಿದವರದೆಲ್ಲ ಮನ್ನಾ ಆಗುತ್ತದೆ ಎಂದು ಎಲ್ಲರ ಮುಖದಲ್ಲೂ ಬರೆದಿತ್ತು. ತಾವು ಕಾರಿನಲ್ಲಿ ತುದಿಗೆ ಹೋಗಿ ಕಾಯುವುದಾಗಿಯೂ ಶರ್ಮಿಳಾ ವಿಡಿಯೊ ಮಾಡುವುದಾಗಿಯೂ ಐದು ನಿಮಿಷದಲ್ಲಿ ತೀರ್ಮಾನವಾಯಿತು. ಪುಳಿಯೋಗರೆ ಕಾರಿನಲ್ಲಿ ಮೇಲೆ ಹೋಯಿತು.

ಮೊದಲ ನೂರು ಗಜ ಪರವಾಗಿಲ್ಲ. ಆಮೇಲೆ ರಸ್ತೆ ಎದ್ದಿತು. ಬದರಿನಾಥ ಗೇರು ಬದಲಿಸಿದ, ಮತ್ತೆ ಬದಲಿಸಿದ, ಬದಲಿಸಲು ಇನ್ನು ಗೇರು ಇರಲಿಲ್ಲ. ಎದೆ ಕಿವಿಯಲ್ಲಿ ಬಡಿಯತೊಡಗಿತು. ಗ್ಯಾರೇಜಿನಲ್ಲಿ ಸುಸ್ತಾದರೆ ಟೇಬಲ್ ಫ್ಯಾನಿತ್ತು. ಇಲ್ಲಿ ಗಾಳಿ ಎದುರಿನಿಂದ ಬಂದು ಅವನನ್ನೇ ಕೆಳಕ್ಕೆ ನೂಕುತ್ತಿತ್ತು.

"ನನ್ನ ಸಲುವಾಗಿ ಭಾಳ ಸಾವಕಾಶ ಹೊಂಟೀರಿ," ಹಿಂದಿನಿಂದ ಶಿವಲಿಂಗಪ್ಪ ಅಂದ. ಅವನಿಗೆ ಮಾತಾಡಲು ಉಸಿರಿತ್ತು. "ನೀವು ಜೋರ್ ಹೋಗ್ರಿ. ನಾ ಬರ್ತೀನಿ."

ಬದರಿನಾಥ ಕಾಲು ಊರಿದ. ನಿಂತ. ಕಲ್ಲುಗೋಡೆಯಾಚೆ ಒಂದು ಹಸು ತಲೆಯೆತ್ತಿ ನೋಡಿ, ಇವನಲ್ಲಿ ನೋಡುವಂಥದ್ದು ಏನೂ ಕಾಣದೆ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಶಿವಲಿಂಗಪ್ಪನೂ ನಿಂತ. "ಏನಾತ್ರಿ?"

ಹೇಳಿಬಿಡಬೇಕೆನಿಸಿತು. ಎರಡು ವರ್ಷದಲ್ಲಿ ಮೊದಲ ಸಲ, ಯಾರಾದರೂ ತನ್ನನ್ನು ಹಿಡಿದುಹಾಕಿದರೆ ಸಾಕಪ್ಪ ಎನಿಸಿತು. ಉಗಿಯಲಿ, ಗುಂಪಿನಲ್ಲಿ ಬರೆಯಲಿ. ಕನಿಷ್ಠ ಬೈದದ್ದು ತನ್ನನ್ನೇ ಆಗಿರುತ್ತದೆ.

"ಶಿವಲಿಂಗಪ್ಪ, ನಾನು ಎಂಬತ್ನಾಲ್ಕು ಕೆ.ಜಿ."

ಶಿವಲಿಂಗಪ್ಪ ಅವನ ಮುಖವನ್ನೇ ನೋಡಿದ.

"ಅರವತ್ತೊಂದು ಸುಳ್ಳು. ಹಳೇ ರಿಪೋರ್ಟಿನದು. ನಿಮಗೆ ಹೇಳ್ತಿದ್ದೆನಲ್ಲ, ಅನ್ನ ಬಿಡಿ, ಸಕ್ಕರೆ ಬಿಡಿ ಅಂತ. ನಾನು ಒಂದನ್ನೂ ಬಿಟ್ಟಿಲ್ಲ. ಈ ಗುಡ್ಡ ನನ್ನ ಕೈಲಿ ಹತ್ತೋಕಾಗಲ್ಲ."

"ಎಂಬತ್ನಾಲ್ಕಾ?" ಶಿವಲಿಂಗಪ್ಪ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡ. ಆಮೇಲೆ, "ಹಂಗಾರ ನಿಮ್ಮದು ಇನ್ನೂ ದೊಡ್ಡದಾತಲ್ರಿ," ಎಂದ. "ಎಂಬತ್ನಾಲ್ಕು ಕೆ.ಜಿ. ಇಟ್ಕೊಂಡು ವಾರಾ ವಾರಾ ಅಷ್ಟು ತುಳೀತಿದ್ರಿ ಅಂದ್ರ!"

"ನಿಮಗೆ ಅರ್ಥ ಆಗ್ತಿಲ್ಲ. ನಾನು ಮೋಸ ಮಾಡಿದೀನಿ."

"ಗುರುಗಳು ಚ್ಯಾಷ್ಟಿ ಮಾಡ್ತೀರಿ ಬಿಡ್ರಿ."

ಅವನ ದನಿಯಲ್ಲಿ ನಂಬಿಕೆ ಇತ್ತೋ ಕರುಣೆ ಇತ್ತೋ ಬದರಿನಾಥನಿಗೆ ತಿಳಿಯಲಿಲ್ಲ. ಶಿವಲಿಂಗಪ್ಪ ಮುಖ ಬೇರೆ ಕಡೆ ತಿರುಗಿಸಿದ್ದ. ನೋಡುನೋಡುತ್ತಿದ್ದಂತೆ ತನ್ನ ಸೈಕಲ್ಲನ್ನು ತಂದು ಕಲ್ಲುಗೋಡೆಗೆ ಒರಗಿಸಿದ. ಹದಿನೈದು ಕೆ.ಜಿ. ಇಳಿಸಿ, ಶಿಫ್ಟ್ ಬದಲಿಸಿ, ರೈಲು ಹಿಡಿದು ತಂದ ಸೈಕಲ್ಲು.

"ಅದನ್ಯಾಕೆ ಅಲ್ಲಿಟ್ರಿ?"

"ನೀವು ಹತ್ರಿ ಗುರುಗಳ. ಕೂಡ್ರಿ."

"ಬೇಡ, ಶಿವಲಿಂಗಪ್ಪ."

"ಮ್ಯಾಲೆ ಕಾಯಾಕ ಹತ್ಯಾರ್ರಿ."

ಬೇಡವೆಂದು ಇನ್ನೊಮ್ಮೆ ಹೇಳಬಹುದಿತ್ತು. ಬದರಿನಾಥ ತನ್ನ ಸೈಕಲ್ಲು ಹತ್ತಿ ಕೂತ. ಬೆನ್ನಿನ ಕೆಳಗೆ ಒಂದು ಅಂಗೈ ಬಂದು ಕೂತಿತು. ಅಗಲವಾದ, ಬೆಚ್ಚಗಿನ ಅಂಗೈ. ಯಾರೂ ಅವನನ್ನು ಹಾಗೆ ಮುಟ್ಟಿ ಎಷ್ಟು ಕಾಲವಾಗಿತ್ತೋ, ಹಿತವೆನಿಸಿತು, ನಾಚಿಕೆಯೂ ಆಯಿತು. ಸೈಕಲ್ಲು ಹೊರಟಿತು.

ಕೊನೆಯ ತಿರುವಿನ ಆಚೆ ರಸ್ತೆಯ ಪಕ್ಕದ ದಿಬ್ಬ ಎದೆಮಟ್ಟಕ್ಕಿತ್ತು. ಮೇಲಿನವರಿಗೆ ಸೈಕಲ್ಲಿನ ಮೇಲೆ ಕೂತವನ ತಲೆ, ಭುಜ ಕಾಣುತ್ತಿದ್ದವು, ಅಷ್ಟೆ. ಶಿವಲಿಂಗಪ್ಪ ಹಿಂದೆ ಪೂರಾ ಬಗ್ಗಿದ್ದ ಎಂಬುದು ಅವನ ಉಸಿರು ಕೆಳಗಿನಿಂದ ಕೇಳುತ್ತಿದ್ದುದರಿಂದ ಗೊತ್ತಾಗುತ್ತಿತ್ತು. ತಳ್ಳಲಿಕ್ಕೆ ಬಗ್ಗಿದ್ದನೋ, ಕಾಣದಿರಲಿ ಎಂದೋ. ತಿರುಗಿ ಅವನ ಮುಖ ನೋಡಿದ್ದರೆ ತಿಳಿಯುತ್ತಿತ್ತು. ಬದರಿನಾಥ ತಿರುಗಲಿಲ್ಲ.

"ಬಂದ್ರು, ಬಂದ್ರು!" ಮೇಲಿನಿಂದ ಗಿರೀಶ ಕೂಗಿದ. ಚಪ್ಪಾಳೆ ಶುರುವಾಯಿತು. ಶರ್ಮಿಳಾ ಫೋನು ಎತ್ತಿ ಹಿಡಿದಿದ್ದಳು. "ಸರ್, ಈ ಕಡೆ ನೋಡಿ, ಸ್ಮೈಲ್!"

ಎಡಗಡೆ ಜ್ವಾಲಾಮುಖಿಯ ಬಾಯಿ ತೆರೆದುಕೊಂಡಿತು. ಒಳಗೆ ಒಣಗಿದ ಕೆರೆ, ಉಪ್ಪುಗಟ್ಟಿ ಬೆಳ್ಳಗಿತ್ತು. ಬದರಿನಾಥನಿಗೆ ತುಳಿಯುವ ಅಗತ್ಯವಿರಲಿಲ್ಲ. ಆದರೂ ತುಳಿದ. ಚೈನಿಗೆ ಯಾವ ಭಾರವೂ ತಾಗುತ್ತಿರಲಿಲ್ಲ. ಕಾಲುಗಳು ಗಾಳಿಯಲ್ಲಿ ಗಿರ್ರನೆ ಸುತ್ತುತ್ತಿದ್ದವು. ಅವನು ಫೋನಿನ ಕಡೆ ನೋಡಿ ನಕ್ಕು, ಇನ್ನಷ್ಟು ಜೋರಾಗಿ ಸುತ್ತಿಸಿದ.