ಟೀ ಆದ್ಮೇಲೆ ಬಿರುಗಾಳಿ

ಹಡಗು ಇನ್ನೇನು ಮುಳುಗಬೇಕು ಎನ್ನುವಾಗ ಕ್ಯಾಪ್ಟನ್ ಕೆಳಗೆ ಕೂತುಬಿಟ್ಟಳು. ಟೋಪಿ ತೆಗೆದು ಮಂಡಿಯ ಪಕ್ಕ ಇಟ್ಟು, ಬಲಗೈ ಚಾಚಿ ಕಾಯತೊಡಗಿದಳು. ಅವಳನ್ನು ನೋಡಿ, ಗುಡುಗು ಬಡಿಯುತ್ತಿದ್ದ ಹುಡುಗಿ ತಗಡನ್ನು ತೊಡೆಯ ಮೇಲೆ ಮಲಗಿಸಿದಳು. ನೀಲಿ ಬಟ್ಟೆಯ ಅಂಚು ಹಿಡಿದು ಅಲೆಗಳಾಗಿದ್ದವರು ಸಮುದ್ರವನ್ನು ನೆಲಕ್ಕೆ ಬಿಟ್ಟು ಕಾಲು ಚಾಚಿ ಕೂತರು. ನಾಟಕ ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿದ ಒಬ್ಬರಿಬ್ಬರು ಅಕ್ಕಪಕ್ಕ ನೋಡಿ ಕೈ ಇಳಿಸಿದರು.

"ಮರ್ತೋಯ್ತು ಅವಳಿಗೆ," ಎಂದರು ಅಪ್ಪ. "ನಾನು ಮೊದ್ಲೇ ಹೇಳಿರ್ಲಿಲ್ವಾ?"

ಪಕ್ಕದಲ್ಲಿ ದೊಡ್ಡ ಮಗಳು ಕೂತಿದ್ದಳು. ವೇದಿಕೆಯ ಮೇಲಿದ್ದ ಕ್ಯಾಪ್ಟನ್ ಅವಳ ತಂಗಿ. ಖುಷಿಯಾದಾಗ ನಿಂತಲ್ಲೇ ಗಿರಗಿರ ತಿರುಗುವುದರಿಂದ ಎಲ್ಲರಿಗೂ ಅವಳು ಬುಗುರಿ. ಆಟಿಸಂ ಇರುವ ಮಕ್ಕಳ ಈ ಶಾಲೆಯಲ್ಲಿ ನಾಟಕದ ಮೇಷ್ಟ್ರು ಒಂದು ತಂಡ ಕಟ್ಟಿದ್ದರು. ಮುಂದಿನ ತಿಂಗಳಿಂದ ಅದು ಬೇರೆ ಶಾಲೆಗಳಿಗೂ ಹೋಗಿ ಆಡಲಿತ್ತು. ಬುಗುರಿಯನ್ನು ಕಳಿಸಲು ಅಪ್ಪ ಒಪ್ಪಿರಲಿಲ್ಲ. "ಜನ ನಗೋದಕ್ಕೆ ನನ್ನ ಮಗಳೇ ಬೇಕಾ?" ಎಂದಿದ್ದರು. ಅಕ್ಕ ಬೆನ್ನು ಬಿಡದೆ ಕಾಡಿದ ಮೇಲೆ, ಒಂದು ಸಲ ನೋಡಿ ಹೇಳ್ತೀನಿ, ಆಮೇಲೆ ಯಾರೂ ಚಕಾರ ಎತ್ತಬಾರದು ಎಂದು ಒಪ್ಪಿ, ಬಸ್ಸು ಇಳಿದವರೇ ಡ್ರೈವರ್ ಖಾಕಿಯಲ್ಲೇ ಬಂದು, ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದರು.

ಅಕ್ಕ ಟೈಲರ್. ಅಂಗಡಿಯಲ್ಲಿ ಉಳಿದ ಲೈನಿಂಗ್ ಬಟ್ಟೆಯ ತುಂಡುಗಳನ್ನು ಜೋಡಿಸಿ ಆ ಸಮುದ್ರವನ್ನು ಹೊಲಿದವಳು ಅವಳೇ. ಕ್ಯಾಪ್ಟನ್ ಕೋಟಿನ ಕಾಲರ್ ಬುಗುರಿಯ ಕುತ್ತಿಗೆಗೆ ಚುಚ್ಚದಂತೆ ಬಿಚ್ಚಿ ಬಿಚ್ಚಿ ಹೊಲಿದಿದ್ದಳು. ಅದಕ್ಕೆಂದು ನಾಟಕದ ಅಭ್ಯಾಸ ನಡೆಯುವಾಗ ಮೂಲೆಯಲ್ಲಿ ಸೂಜಿ ಹಿಡಿದು ಕೂತಿರುತ್ತಿದ್ದಳು. ಈಗ ಆ ಚಾಚಿದ ಕೈ ನೋಡಿದ್ದೇ ಅವಳಿಗೆ ವಿಷಯ ಹೊಳೆಯಿತು. ಬಿರುಗಾಳಿ ಏರಿ ಹಡಗು ಹೊಯ್ದಾಡುವ ಹೊತ್ತಿಗೇ ಪ್ರತಿದಿನ ಅಡುಗೆಕೋಣೆಯಿಂದ ಟೀ ಕೆಟಲ್ ಬರುತ್ತಿತ್ತು. ಮೇಷ್ಟ್ರು ಕೈ ತಟ್ಟುತ್ತಿದ್ದರು. ಎಲ್ಲರೂ ಕೂತು, ಟೀ ಕುಡಿದು, ಆಮೇಲೆ ಮುಳುಗಲು ಏಳುತ್ತಿದ್ದರು.

"ಮರ್ತಿಲ್ಲಪ್ಪಾ," ಎಂದಳು. "ಟೀ ಟೈಮು."

"ಏನು?"

"ನಾಟಕದಲ್ಲಿ ಟೀನೂ ಇದೆ ಅಂದ್ಕೊಂಡಿದಾರೆ. ದಿನಾ ಹಾಗೇ ಮಾಡಿಸಿದ್ದು."

ಪರದೆಯ ಸಂದಿಯಲ್ಲಿ ಮೇಷ್ಟ್ರ ಮುಖ ಕಂಡಿತು. ಅವರು ಹಣೆಗೆ ಕೈ ಹೊಡೆದುಕೊಂಡರು. ತಮ್ಮ ದಪ್ಪ ದೇಹವನ್ನು ಹೊತ್ತುಕೊಂಡು ಬಂದು ಕ್ಯಾಪ್ಟನ್ ಮುಂದೆ ಮಂಡಿಯೂರಿದರು. ಪಿಸುಗುಟ್ಟಿದರೂ ಕೊನೆಯ ಸಾಲಿನವರೆಗೆ ಕೇಳಿಸಿತು.

"ಹಡಗು ಮುಳುಗ್ತಾ ಇದೆ ಕಣಮ್ಮಾ."

"ಟೀ ಆದ್ಮೇಲೆ," ಎಂದಳು ಬುಗುರಿ.

ಸಭೆಯಲ್ಲಿ ನಗು ಒಡೆಯಿತು. ಅಪ್ಪನ ಕಿವಿ ಕೆಂಪಾಯಿತು. ಅವರ ಕೈಯಲ್ಲಿ ಬಾಗಿಲಲ್ಲಿ ಕೊಟ್ಟ ಪೇಪರ್ ಲೋಟ ಹಾಗೇ ಇತ್ತು. ಕುಡಿಯಲು ಮನಸ್ಸಿಲ್ಲದೆ ಹಿಡಿದೇ ಇದ್ದ ಟೀ ಕೆನೆಗಟ್ಟಿತ್ತು.

ಮೇಷ್ಟ್ರು ಒಳಗೆ ಓಡಿ ಲೋಟಗಳನ್ನೂ ಕೆಟಲನ್ನೂ ತಂದರು. ಅದರಲ್ಲಿದ್ದುದನ್ನೆಲ್ಲ ಬಂದವರಿಗೆ ಹಂಚಿಯಾಗಿತ್ತು. ಆದರೂ ಬಗ್ಗಿ ಬಗ್ಗಿ ಬರೀ ಗಾಳಿ ಬಗ್ಗಿಸಿದರು. ಅಲೆಗಳು ಸೊರ್ ಸೊರ್ ಎಂದು ಕುಡಿದವು. ಗುಡುಗು ಬಾಯಿ ಒರೆಸಿಕೊಂಡಿತು. ಬುಗುರಿ ಮಾತ್ರ ಲೋಟದೊಳಗೆ ಇಣುಕಿ ನೋಡಿ ಹಿಂದಕ್ಕೆ ಕೊಟ್ಟಳು.

"ಖಾಲಿ."

ಮತ್ತೆ ನಗು. ಅಪ್ಪ ಎದ್ದು ನಿಂತರು. ಮುಗಿಯಿತು, ಹೊರಟರು ಎಂದುಕೊಂಡಳು ಅಕ್ಕ. ಹಿಡಿದೆಳೆಯಲು ಅವರ ಅಂಗಿಯ ತುದಿಗೆ ಕೈ ಹಾಕುವಷ್ಟರಲ್ಲಿ ಅವರು ಬಾಗಿಲಿಗೆ ಬೆನ್ನು ಮಾಡಿ, ಕುರ್ಚಿಗಳ ನಡುವಿನ ದಾರಿಯಲ್ಲಿ ಬಸ್ಸು ತಡವಾದವರ ಹಾಗೆ ದಾಪುಗಾಲು ಹಾಕುತ್ತಿದ್ದರು. ಮೆಟ್ಟಿಲು ಹತ್ತಿ, ಮಗಳ ಮುಂದೆ ನಿಂತು ಲೋಟ ಚಾಚಿದರು.

"ತಗೋ. ಆರಿದೆ."

ಬುಗುರಿ ಇಣುಕಿ ನೋಡಿದಳು. ಕೆನೆಯನ್ನು ಬೆರಳಿಂದ ಎತ್ತಿ ಅಪ್ಪನ ಅಂಗೈಗೆ ಅಂಟಿಸಿದಳು. ಗಟಗಟ ಕುಡಿದು, ಟೋಪಿ ಹಾಕಿಕೊಂಡು ಎದ್ದಳು. ಅಲೆಗಳು ಎದ್ದವು. ಅಪ್ಪ ಇಳಿಯಲು ತಿರುಗಿದರು.

"ಸ್ಟೇಜ್ ಮೇಲೆ ಬಂದೋರು ಸುಮ್ನೆ ಹೋಗೋ ಹಾಗಿಲ್ಲ," ಎಂದಳು ಬುಗುರಿ, ಥೇಟ್ ಮೇಷ್ಟ್ರ ದನಿಯಲ್ಲಿ. ಬಟ್ಟೆಯ ಒಂದು ಮೂಲೆ ತೋರಿಸಿದಳು. "ನೀನು ಅಲೆ."

"ನಾನಾ? ಏನು ಮಾಡ್ಲಿ, ನಂಗೇನೂ—"

"ಅಲೆ ಮಾತಾಡಲ್ಲ."

ಸಭೆ ಘೊಳ್ಳೆಂದಿತು. ಅಪ್ಪ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಅಸಹಾಯಕರಾಗಿ ಕೈ ಚೆಲ್ಲಿದರು. ಹಡಗಿನಲ್ಲಿ ಕ್ಯಾಪ್ಟನ್ ಮಾತೇ ಮಾತು. ಅಪ್ಪ ಬಗ್ಗಿ ಮೂಲೆ ಹಿಡಿದರು.

ಮೊದಲಿಗೆ ಧೂಳು ಕೊಡವುವವರಂತೆ ಫಟಫಟ ಬಡಿದರು. ಪಕ್ಕದ ಅಲೆಯಾಗಿದ್ದ ಕನ್ನಡಕದ ಹುಡುಗಿ ಮಾತಾಡದೆ, ಅವರ ಮುಖವನ್ನೂ ನೋಡದೆ, ತನ್ನ ಮಣಿಕಟ್ಟನ್ನು ನಿಧಾನವಾಗಿ ಏರಿಸಿ ಇಳಿಸಿ ತೋರಿಸಿದಳು. ಅಪ್ಪ ಅದನ್ನೇ ನೋಡುತ್ತಾ ಏರಿಸಿದರು, ಇಳಿಸಿದರು. ಬಟ್ಟೆಯ ಕೆಳಗೆ ಗಾಳಿ ಹೊಕ್ಕಿತು. ಸಮುದ್ರ ಉಬ್ಬಿತು. ತಗಡು ಗುಡುಗಿತು. ಅಪ್ಪನ ಕೈಯಿಂದ ಹೊರಟ ಅಲೆ ಇಡೀ ವೇದಿಕೆಯ ಉದ್ದಕ್ಕೂ ಓಡಿ ಆಚೆ ತುದಿಗೆ ಅಪ್ಪಳಿಸುವುದನ್ನು ಕಂಡು ಅಕ್ಕನಿಗೆ ಕೂತಿರಲಾಗಲಿಲ್ಲ. ಕುರ್ಚಿಯ ಬೆನ್ನು ಹಿಡಿದು ತುದಿಗಾಲಲ್ಲಿ ನಿಂತಳು. ಅಪ್ಪನ ಖಾಕಿಯ ಕಂಕುಳು ಬೆವರಿತ್ತು. ಬಾಯಿ ತೆರೆದಿತ್ತು. ಎಲ್ಲಿದ್ದೇನೆಂಬುದೇ ಅವರಿಗೆ ಮರೆತಂತಿತ್ತು.

ಬುಗುರಿ ಹಡಗಾಗಿದ್ದ ಬೆಂಚು ಹತ್ತಿದಳು. ಅಭ್ಯಾಸದಲ್ಲಿ ಒಂದು ದಿನವೂ ಅವಳು ನಾಟಕದ ಕೊನೆಯ ಮಾತನ್ನು ನೆಲ ಬಿಟ್ಟು ಮೇಲೆ ನೋಡಿ ಹೇಳಿರಲಿಲ್ಲ. ಈಗ ತಲೆ ಎತ್ತಿ, ಎಲ್ಲರ ತಲೆಯ ಮೇಲಿಂದ ಎಲ್ಲೋ ದೂರಕ್ಕೆ ಬೆರಳು ಚಾಚಿದಳು.

"ದಡ ಕಾಣ್ತಿದೆ."

ಸಭೆಯ ಅರ್ಧ ಜನ ನಿಜಕ್ಕೂ ಹಿಂತಿರುಗಿ ನೋಡಿದರು.

ಚಪ್ಪಾಳೆ ಮುಗಿದು, ಜನ ಕರಗಿ, ಕುರ್ಚಿ ಎತ್ತುವ ಸದ್ದು ಶುರುವಾದರೂ ಅಪ್ಪ ಇಳಿದು ಬರಲಿಲ್ಲ. ಅಕ್ಕ ವೇದಿಕೆಯ ಹತ್ತಿರ ಹೋದಳು. ಮೇಷ್ಟ್ರು ಕೈಯೊರೆಸಿಕೊಳ್ಳುತ್ತಾ, "ಸಾರ್, ಬಿಡಿ, ನಮ್ಮ ಹುಡುಗರು ತೆಗೀತಾರೆ," ಎನ್ನುತ್ತಿದ್ದರು.

"ಇರ್ಲಿ ಮೇಷ್ಟ್ರೇ. ಮುಂದಿನ ತಿಂಗಳು ಬೇರೆ ಶಾಲೆಗೆ ಹೋಗೋ ಸಮುದ್ರ, ನೀಟಾಗಿ ಮಡಚ್ಬೇಕಲ್ಲ," ಎಂದರು ಅಪ್ಪ.

ಬಟ್ಟೆಯ ಆ ತುದಿ ಬುಗುರಿ ಹಿಡಿದಿದ್ದಳು, ಈ ತುದಿ ಅಪ್ಪ. ಇಬ್ಬರೂ ಎಳೆದು ಬಿಗಿ ಮಾಡಿದರು. ಒಬ್ಬರ ಕಡೆಗೆ ಒಬ್ಬರು ನಡೆದು ಬಂದರು. ಅವಳು ಅಪ್ಪನ ಬೆರಳಿಂದ ಮೂಲೆಗಳನ್ನು ಬಿಡಿಸಿ ತನ್ನ ಕೈಗೆ ತೆಗೆದುಕೊಂಡಳು. ಅಪ್ಪ ಜೋತುಬಿದ್ದ ಮಡಿಕೆಯನ್ನು ಎತ್ತಿ ಹಿಂದಕ್ಕೆ ಸರಿದರು. ಮತ್ತೆ ಬಂದರು.